ಮೈಸೂರಿನ ಅಶೋಕ ರೋಡ್ ಹತ್ರದ ಮನಿ ಟ್ರಾನ್ಸ್‌ಫರ್ ಅಂಗಡಿ: ಲಾಸ್ಟ್ ನೇಮ್ ಇಲ್ದೋರಿಗೂ ದುಡ್ಡು ಸಿಗುತ್ತೆ

5ಕ್ಕೆ 4 ಸ್ಟಾರ್. ಒಂದು ಯಾಕೆ ಕಟ್ ಮಾಡ್ದೆ ಅಂತ ಕೊನೇಲಿ ಹೇಳ್ತೀನಿ. ಉದ್ದ ಬರ್ದಿದೀನಿ, ಬೈಕೋಬೇಡಿ, ಯಾಕಂದ್ರೆ ಫಾರಿನ್‌ನಿಂದ ಬರೋ ದುಡ್ಡನ್ನ ಕೈಗೆ ಕ್ಯಾಶ್ ಕೊಡೋ ಅಂಗಡಿಗಳ ಬಗ್ಗೆ ಹುಡುಕಿದ್ರೆ 'ಗುಡ್ ಸರ್ವಿಸ್' 'ಸೂಪರ್ ಸಾರ್' ಅಂತ ಎರಡೇ ಮಾತು ಸಿಗೋದು, ನಂಗೆ ವರ್ಷದ ಹಿಂದೆ ಯಾರಾದ್ರೂ ಇದನ್ನೆಲ್ಲ ಬರ್ದಿಟ್ಟಿದ್ರೆ ನಾಲ್ಕು ದಿನದ ಓಡಾಟ ತಪ್ತಿತ್ತು.

ನಾವು ಮಂಡ್ಯದೋರು. ನನ್ ಹೆಂಡ್ತಿ ತಮ್ಮ, ನನ್ ಬಾಮೈದ, ಅಮೆರಿಕಾದಲ್ಲಿ ಒಕ್ಲಹೋಮ ಅನ್ನೋ ರಾಜ್ಯದಲ್ಲಿ ಹೈವೇ ಪಕ್ಕದ ಮೋಟೆಲ್ ಒಂದ್ರಲ್ಲಿ ರಾತ್ರಿ ಪಾಳಿ ಮಾಡ್ತಾನೆ. ಟೂರಿಸ್ಟ್ ವೀಸಾದಲ್ಲಿ ಹೋದೋನು ವಾಪಸ್ ಬರ್ಲಿಲ್ಲ. ಪೇಪರ್ ಇಲ್ಲ ಅಂತಾರಲ್ಲ, ಅದೇ ಕೇಸು. ಅವ್ನು ಮಾಡಿದ್ದು ಸರಿ ಅಂತ ವಾದ ಮಾಡಕ್ಕೆ ನಾನು ಬಂದಿಲ್ಲ, ಹೋಗುವಾಗ್ಲೇ ಬೇಡ ಕಣೋ ಅಂತ ಮನೆಮಂದಿಯೆಲ್ಲ ಹೇಳಿದ್ವಿ, ಗದ್ದೆ ಮೇಲೆ ಸಾಲ ಎತ್ಕೊಂಡು ಹೋದ. ಈಗ ಆ ಸಾಲಾನೂ ನಮ್ಮತ್ತೆ ಶುಗರ್ ಮಾತ್ರೆನೂ ಅವ್ನು ಕಳ್ಸೋ ದುಡ್ಡಲ್ಲೇ ನಡೀತಿರೋದು. ತಿಂಗ್ಳಿಗೆ 400, 500 ಡಾಲರ್. ಅವ್ನಿಗೆ ಸಂಬಳ ಕೈಗೆ ಕ್ಯಾಶ್, ಬ್ಯಾಂಕ್ ಅಕೌಂಟ್ ಇಲ್ಲ, ಹಂಗಾಗಿ ಮೋಟೆಲ್ ಪಕ್ಕದ ಪೆಟ್ರೋಲ್ ಬಂಕ್ ಅಂಗಡೀಲಿ ನೋಟು ಕೊಟ್ಟು ಕಳ್ಸ್ತಾನೆ, ರಸೀದಿ ಫೋಟೋ ವಾಟ್ಸಾಪ್ ಮಾಡ್ತಾನೆ, ಅದ್ರಲ್ಲಿರೋ ನಂಬರ್ ಮತ್ತೆ ಆಧಾರ್ ತೋರ್ಸಿ ನಮ್ಮತ್ತೆ ಇಲ್ಲಿ ದುಡ್ಡು ಈಸ್ಕೋಬೇಕು. ಅವ್ರ ಹೆಸ್ರಿಗೇ ಬರೋದು, ಅವ್ರೇ ಬರ್ಬೇಕು, ಅಳಿಯ ಅಂತ ನಾನು ಹೋದ್ರೆ ಕೊಡಲ್ಲ, ಕೊಡ್ಲೂಬಾರ್ದು.

ಮಂಡ್ಯದಲ್ಲೇ ಸಿಗಲ್ವಾ ಅಂತ ಕೇಳ್ತೀರ. ಸಿಗುತ್ತೆ. ಮೊದ್ಲು ಅಲ್ಲೇ ಒಂದು ಕಡೆ ಹೋಗಿದ್ವಿ, ಹೆಸ್ರು ಬರೆಯಲ್ಲ. ಏನಾಯ್ತು ಅಂದ್ರೆ ಅಮೆರಿಕಾ ಕಡೆ ಫಾರಂನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಖಾನೆ, ಎರಡೂ ತುಂಬ್ಲೇಬೇಕು, ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ. ನಮ್ಮ ಕಡೆ ಹೆಂಗಸ್ರಿಗೆ ಎಲ್ಲಿಂದ ಬರ್ಬೇಕು ಸ್ವಾಮಿ ಲಾಸ್ಟ್ ನೇಮು? ಆಧಾರ್‌ನಲ್ಲಿ ನಮ್ಮತ್ತೆ ಬರೀ ಜಯಮ್ಮ. ಬಾಮೈದ ಯೋಚ್ನೆ ಮಾಡಿ ಜಯಮ್ಮ ಗೌಡ ಅಂತ ಹಾಕ್ಬಿಟ್ಟ. ಇಲ್ಲಿ ಕೌಂಟರ್‌ನೋನು ಆಧಾರ್ ನೋಡ್ದ, ಸ್ಕ್ರೀನ್ ನೋಡ್ದ, 'ಇದು ನೀವಲ್ಲ' ಅಂದ. ನಮ್ಮತ್ತೆಗೆ ಅವಮಾನ ಆಗೋಯ್ತು, 'ನಾನಲ್ದೆ ಇನ್ಯಾರಪ್ಪ, ನನ್ ಮಗ ನಂಗೆ ಕಳ್ಸಿರೋದು, ಅವ್ನಿಗೇ ಫೋನ್ ಮಾಡಿ ಕೇಳು ನಿಮ್ಮವ್ವನ ಹೆಸ್ರೇನು ಅಂತ' ಅಂತ ಜೋರಾಗೇ ಕೇಳ್ಬಿಟ್ರು. ಹೆಸ್ರು ಮ್ಯಾಚ್ ಆಗ್ದಿದ್ರೆ ಕೊಡ್ಬಾರ್ದು ಅನ್ನೋದು ರೂಲ್ಸೇ, ಅದ್ರಲ್ಲಿ ಅವನ ತಪ್ಪಿಲ್ಲ. ಆದ್ರೆ ಏನು ಮಾಡಿದ್ರೆ ಸರಿ ಹೋಗುತ್ತೆ ಅಂತ ಒಂದು ಮಾತು ಹೇಳ್ಬೋದಿತ್ತಲ್ವಾ. ನಾಳೆ ಬನ್ನಿ, ಮೇಲಿನೋರನ್ನ ಕೇಳ್ಬೇಕು, ಸರ್ವರ್ ಇಲ್ಲ, ಹಿಂಗೇ ನಾಲ್ಕು ದಿನ. ಅಫಿಡವಿಟ್ ಮಾಡ್ಸ್ಕೊಂಡ್ ಬನ್ನಿ ಅಂದ ಒಂದಿನ. ಕೊನೇಗೆ ದುಡ್ಡು ಕೊಡುವಾಗ ಮುನ್ನೂರು ರೂಪಾಯಿ ಹಿಡ್ಕೊಂಡ, ಕೇಳಿದ್ರೆ 'ಸರ್ವಿಸ್ ಚಾರ್ಜು' ಅಂದ, ಅದ್ಕೆ ರಸೀದಿ ಇಲ್ಲ.

ಆ ಮುನ್ನೂರು ರೂಪಾಯಿ ಸಿಟ್ಟಲ್ಲೇ ಮೈಸೂರಿನ ಈ ಅಂಗಡಿಗೆ ಬಂದಿದ್ದು. ಮದ್ದೂರ್ ಕಡೆ ಹಳ್ಳಿಯಿಂದ ಅತ್ತೆ ಮಂಡ್ಯಕ್ಕೆ ಬರ್ತಾರೆ, ಅಲ್ಲಿಂದ ಇಬ್ರೂ ಮೈಸೂರ್ ಬಸ್ಸು. ಅವ್ರಿಗೆ ಶಕ್ತಿ ಯೋಜನೆ ಫ್ರೀ, ನಂಗೆ ಟಿಕೆಟ್ಟು. ಬಸ್ಸಲ್ಲಿ ಕಂಡಕ್ಟರ್ ಅದೇ ಆಧಾರ್ ನೋಡಿ ಒಂದು ಸೆಕೆಂಡಲ್ಲಿ ಫ್ರೀ ಟಿಕೆಟ್ ಹರ್ದು ಕೊಟ್ಟ, ನಮ್ಮತ್ತೆ ನನ್ ಕಡೆ ತಿರುಗಿ 'ನೋಡು, ಇವ್ನಿಗೆ ನಾನು ಯಾರು ಅಂತ ಗೊತ್ತಾಯ್ತು' ಅಂದ್ರು.

ಅಂಗಡಿ ಬಗ್ಗೆ ಹೇಳ್ಬೇಕಂದ್ರೆ ಸಣ್ಣದು, ಹೊರಗಿಂದ ನೋಡಿದ್ರೆ ಜೆರಾಕ್ಸ್ ಅಂಗಡಿ ಅನ್ಕೋತೀರ, ಆಚೆ ಜೆರಾಕ್ಸ್ ಮಿಷಿನ್ನೇ ಇದೆ. ಒಳಗೆ ಗಾಜಿನ ಕೌಂಟರ್, ಚಾಮುಂಡಿ ಫೋಟೋ, ಅದ್ರ ಪಕ್ಕ ಲೈಸೆನ್ಸ್ ಕಾಪಿ ಫ್ರೇಮ್ ಹಾಕ್ಸಿಟ್ಟಿದಾರೆ, ಒಂದೇ ಬೆಂಚು. ಉದಯಗಿರಿ, ಮಂಡಿ ಮೊಹಲ್ಲಾ ಕಡೆಯಿಂದ ಗಲ್ಫ್ ದುಡ್ಡು ಈಸ್ಕೊಳಕ್ಕೆ ಬಂದಿರೋ ಹೆಂಗಸ್ರು, ಮಾನಸಗಂಗೋತ್ರೀಲಿ ಓದೋ ಫಾರಿನ್ ಹುಡುಗ್ರು ಒಬ್ರಿಬ್ರು, ಮಧ್ಯ ನಮ್ಮತ್ತೆ ಎಲಡಿಕೆ ಚೀಲ ಮಡಿಲಲ್ಲಿ ಇಟ್ಕೊಂಡು. ಟೋಕನ್ ಇಲ್ಲ, ಕ್ಯೂ ಇಲ್ಲ, ಆದ್ರೂ ಯಾರು ಯಾರಿಗಿಂತ ಮುಂಚೆ ಬಂದ್ರು ಅಂತ ಕೌಂಟರ್‌ನಲ್ಲಿರೋ ಹುಡುಗಿಗೆ ನೆನಪಿರುತ್ತೆ. ಈ ರಿವ್ಯೂನಲ್ಲಿ ನಾಲ್ಕು ಸ್ಟಾರ್ ಇದ್ರೆ ಮೂರು ಆ ಹುಡುಗಿಗೆ.

ಫಸ್ಟ್ ದಿನ ಆಕೆ ಮಾಡಿದ್ದು ಕೇಳಿ. ಬೆಳಿಗ್ಗೆ ಹತ್ತೂವರೆ, ಒಕ್ಲಹೋಮದಲ್ಲಿ ಹಿಂದಿನ ದಿನ ರಾತ್ರಿ ಹನ್ನೊಂದು, ಬಾಮೈದ ಆಗಷ್ಟೇ ದುಡ್ಡು ಕಟ್ಟಿ ಫೋಟೋ ಕಳ್ಸಿದ್ದ. ಮತ್ತೆ ಅದೇ ಜಯಮ್ಮ ಗೌಡ! ಬುದ್ಧಿ ಹೇಳಿ ಹೇಳಿ ಸಾಕಾಗಿತ್ತು ನಂಗೆ. ಹುಡುಗಿ ಫೋಟೋ ಜೂಮ್ ಮಾಡಿ ನೋಡಿ 'ಎಷ್ಟೊತ್ತಾಯ್ತು ಕಳ್ಸಿ?' ಅಂದ್ಲು, ಹತ್ತು ನಿಮ್ಷ ಅಂದೆ, 'ಹಂಗಾದ್ರೆ ಈಗ್ಲೇ ಫೋನ್ ಮಾಡಿ, ಕ್ಯಾನ್ಸಲ್ ಮಾಡಿ ಹೊಸದಾಗಿ ಕಳ್ಸಕ್ಕೆ ಹೇಳಿ, ಅರ್ಧ ಗಂಟೆ ಒಳಗಾದ್ರೆ ಪೂರ್ತಿ ದುಡ್ಡು ವಾಪಸ್ ಕೊಡ್ಲೇಬೇಕು ಅಲ್ಲಿ' ಅಂದ್ಲು. ಅದು ನಿಜವಾಗ್ಲೂ ಕಾನೂನಂತೆ, ಅಮೆರಿಕಾದಲ್ಲಿ 2013 ಅಕ್ಟೋಬರ್‌ನಿಂದ ಇದೆ, ದುಡ್ಡು ಕಟ್ಟಿ 30 ನಿಮ್ಷದೊಳಗೆ ಕ್ಯಾನ್ಸಲ್ ಅಂದ್ರೆ ಚಾರ್ಜ್ ಸಮೇತ ವಾಪಸ್, ಈ ಕಡೆ ಯಾರೂ ಈಸ್ಕೊಂಡಿರಬಾರ್ದು ಅಷ್ಟೆ. ಬಾಮೈದ ಮೋಟೆಲ್‌ನ ಯಾರ್ದೋ ಕೈಗೆ ಒಪ್ಸಿ ಓಡಿದ. ಹೊಸದಾಗಿ ಕಳ್ಸುವಾಗ ಎರಡೂ ಖಾನೇಲಿ ಜಯಮ್ಮ, ಜಯಮ್ಮ ಅಂತ ಹಾಕ್ಸಿದ್ಲು. ಸ್ಕ್ರೀನ್ ಮೇಲೆ 'ಜಯಮ್ಮ ಜಯಮ್ಮ' ಅಂತ ಬಂತು, ಒಂದೇ ಹೆಸ್ರು ಎರಡು ಸಲ ಇದ್ರೆ ಸಿಂಗಲ್ ನೇಮ್ ಅಂತ ತಗೋಬೋದು ಅಂತ ಅವ್ರ ಕಂಪ್ನಿ ಕಡೆಯೋರ್ನ ಫೋನಲ್ಲಿ ಕೇಳಿ ಕನ್‌ಫರ್ಮ್ ಮಾಡ್ಕೊಂಡ್ಲು, ದುಡ್ಡು ಬಂತು. ಒಟ್ಟು ನಲವತ್ತು ನಿಮ್ಷ. ಮಂಡ್ಯದಲ್ಲಿ ನಾಲ್ಕು ದಿನ ಆಗಿತ್ತು.

ಇದ್ರಲ್ಲಿ ತಮಾಷೆ ಏನಂದ್ರೆ ಬಾಮೈದಂಗೂ ಇದೇ ಕಾಯಿಲೆ. ಅವ್ನ ಪಾಸ್‌ಪೋರ್ಟ್‌ನಲ್ಲೂ ಒಂದೇ ಹೆಸ್ರು, ಹಂಗಿದ್ರೆ ಅಮೆರಿಕಾದೋರು ವೀಸಾದಲ್ಲಿ ಇರೋ ಹೆಸ್ರನ್ನ ಸರ್‌ನೇಮ್ ಜಾಗಕ್ಕೆ ತಳ್ಳಿ ಮೊದಲ್ನೇ ಖಾನೇಲಿ ಎಫ್‌ಎನ್‌ಯು ಅಂತ ಹೊಡೀತಾರೆ, ಫಸ್ಟ್ ನೇಮ್ ಅನ್‌ನೋನ್, ಹೆಸ್ರು ಗೊತ್ತಿಲ್ಲ ಅಂತ. ಹಂಗಾಗಿ ಬಂಕ್ ಅಂಗಡಿಯೋನು ಇವ್ನನ್ನ 'ಫ್ನೂ' ಅಂತ್ಲೇ ಕರಿಯೋದು. ತಾಯಿ ಜಯಮ್ಮ ಜಯಮ್ಮ, ಮಗ ಫ್ನೂ.

ಇನ್ನು ಕ್ಯಾಶ್. ಮಿಷಿನ್‌ನಲ್ಲಿ ಎರಡು ಸಲ ಎಣಿಸಿ ಕೊಡ್ತಾರೆ. ನಮ್ಮತ್ತೆ ಮಿಷಿನ್ ನಂಬಲ್ಲ, ಬೆರಳು ನಾಲಿಗೆಗೆ ಮುಟ್ಸಿ ಮುಟ್ಸಿ ಒಂದೊಂದೇ ನೋಟು ಎಣಿಸ್ತಾರೆ, 'ಲಾಭ, ಎರಡು, ಮೂರು' ಅಂತ, ಮಧ್ಯ ಯಾರಾದ್ರೂ ಮಾತಾಡ್ಸಿದ್ರೆ ಮತ್ತೆ ಲಾಭದಿಂದ ಶುರು. ಹಿಂದೆ ಜನ ಕಾಯ್ತಿದ್ರೂ ಆ ಹುಡುಗಿ ಒಂದಿನ ಮುಖ ಸಿಂಡರಿಸಿಲ್ಲ. ಅಂಟು ಹಾಕಿರೋ ನೋಟಿದ್ರೆ ಕೇಳೋಕ್ಕೆ ಮುಂಚೆ ಬದ್ಲಾಯಿಸಿ ಕೊಡ್ತಾಳೆ. ಸರ್ವಿಸ್ ಚಾರ್ಜ್ ಅಂತ ಒಂದ್ ಪೈಸೆ ಹಿಡ್ದಿಲ್ಲ ಇಲ್ಲೀವರ್ಗೂ, ಅವ್ರ ಕಮಿಷನ್ ಫಾರಿನ್ ಕಂಪ್ನಿಯಿಂದ್ಲೇ ಬರುತ್ತಂತೆ, ಈಸ್ಕೊಳೋರ ಹತ್ರ ಕೇಳೋ ಹಂಗಿಲ್ಲ. ನನ್ ಮುನ್ನೂರು ರೂಪಾಯಿ ನೆನಪಾಯ್ತು.

ಈಗ ಟ್ಯಾಕ್ಸ್ ವಿಷ್ಯ. ಅದೇ ಮುಖ್ಯ, ಅದ್ಕೇ ಬರೀತಿರೋದು, ಯಾಕಂದ್ರೆ ಇದ್ರ ಬಗ್ಗೆ ಕೇಳಿದ್ರೆ ಊರೆಲ್ಲ ಒಂದೊಂದು ಹೇಳ್ತಾರೆ.

2025ರ ಮೇ ತಿಂಗ್ಳಲ್ಲಿ ನಮ್ಮ ಬೀದಿ ರಿಟೈರ್ಡ್ ಮೇಷ್ಟ್ರು ಒಬ್ರು ವಾಟ್ಸಾಪ್ ಹಿಡ್ಕೊಂಡು ಮನೆಗೇ ಬಂದ್ರು, ಅವ್ರ ಮಗ್ಳು ಅಳಿಯ ನ್ಯೂಜೆರ್ಸೀಲಿ ಸಾಫ್ಟ್‌ವೇರು, ಅಮೆರಿಕಾದಿಂದ ಕಳ್ಸೋ ದುಡ್ಡಿಗೆಲ್ಲ ಐದು ಪರ್ಸೆಂಟ್ ಟ್ಯಾಕ್ಸ್ ಅಂತೆ, ಲಕ್ಷಕ್ಕೆ ಐದು ಸಾವ್ರ ಹೋಯ್ತಲ್ರೀ ಅಂತ. ಅವ್ರು ಹೇಳಿದ್ದು ಆಗ ಸುಳ್ಳಲ್ಲ. ಟ್ರಂಪ್ ದೊಡ್ಡ ಬಿಲ್ಲಲ್ಲಿ ಮೊದ್ಲು ಇದ್ದಿದ್ದು 5 ಪರ್ಸೆಂಟೇ, ಅದೂ ಅಲ್ಲಿನ ಸಿಟಿಜನ್ ಅಲ್ದೋರಿಗೆ ಮಾತ್ರ, ಗ್ರೀನ್ ಕಾರ್ಡ್ ಇರ್ಲಿ ಎಚ್1ಬಿ ಅನ್ನೋ ಕೆಲ್ಸದ ವೀಸಾ ಇರ್ಲಿ ಪೇಪರ್ ಇಲ್ದೋರಿರ್ಲಿ ಎಲ್ರಿಗೂ. ಕೆಳಮನೇಲಿ ಪಾಸಾಗೋ ಹೊತ್ತಿಗೆ 3.5 ಆಯ್ತು. ಸೆನೆಟ್‌ಗೆ ಹೋದ್ಮೇಲೆ ಅದು 1 ಪರ್ಸೆಂಟಿಗೆ ಇಳೀತು, ಸಿಟಿಜನ್ನಾ ಅಲ್ವಾ ಅಂತ ಕೇಳೋದನ್ನೇ ತೆಗ್ದು ಹಾಕಿದ್ರು, ಬದಲಿಗೆ ಹೆಂಗೆ ದುಡ್ಡು ಕಟ್ತೀಯ ಅನ್ನೋದು ಬಂತು. 2025 ಜುಲೈ 4ಕ್ಕೆ ಸಹಿ ಆಗಿ ಕಾನೂನಾಯ್ತು, 2026 ಜನವರಿ 1ರಿಂದ ಜಾರಿ. ನೋಟು ಕೊಟ್ಟೋ, ಮನಿ ಆರ್ಡರ್, ಕ್ಯಾಶಿಯರ್ಸ್ ಚೆಕ್ ಥರದ್ದು ಕೊಟ್ಟೋ ಕಳ್ಸಿದ್ರೆ 1 ಪರ್ಸೆಂಟ್. ಅಲ್ಲಿನ ಬ್ಯಾಂಕ್ ಅಕೌಂಟಿಂದ, ಅಲ್ಲಿನ ಡೆಬಿಟ್ ಕ್ರೆಡಿಟ್ ಕಾರ್ಡಿಂದ ಕಳ್ಸಿದ್ರೆ ಸೊನ್ನೆ.

ಅಂದ್ರೆ ಏನಾಯ್ತು ನೋಡಿ. ಮೇಷ್ಟ್ರ ಮಗ್ಳು ಫೋನಲ್ಲಿ ಆ್ಯಪ್ ಒತ್ತಿ ಲಕ್ಷಗಟ್ಲೆ ಕಳ್ಸ್ತಾಳೆ, ಟ್ಯಾಕ್ಸ್ ಇಲ್ಲ. ನನ್ ಬಾಮೈದ ಟಾಯ್ಲೆಟ್ ತೊಳ್ದು ಕೂಡಿಟ್ಟ ಮುದುರಿದ ನೋಟು ಕೊಟ್ಟು 500 ಡಾಲರ್ ಕಳ್ಸ್ತಾನೆ, 5 ಡಾಲರ್ ಟ್ಯಾಕ್ಸು. ಕಾನೂನಲ್ಲಿ ಎಲ್ಲೂ ಪೇಪರ್ ಇಲ್ದೋರಿಗೆ ಅಂತ ಬರ್ದಿಲ್ಲ, ಅಲ್ಲೇ ಹುಟ್ಟಿ ಬೆಳ್ದ ಅಮೆರಿಕಾದೋನು ಕ್ಯಾಶ್ ಕೊಟ್ರೂ ಕಟ್ಬೇಕು. ಆದ್ರೆ ಕ್ಯಾಶ್ ಕೊಡೋರು ಯಾರು ಅಂತ ಬಂಕ್ ಅಂಗಡೀಲಿ ಅರ್ಧ ಗಂಟೆ ನಿಂತ್ಕೊಂಡ್ರೆ ಗೊತ್ತಾಗುತ್ತೆ ಅಂತಾನೆ ಬಾಮೈದ, ಎಲ್ಲ ಮೆಕ್ಸಿಕೋ, ಗ್ವಾಟೆಮಾಲಾದೋರು, ಕಟ್ಟಡ ಕೆಲ್ಸದೋರು, ಜೊತೆಗೆ ಇವ್ನು. ಮೇಷ್ಟ್ರಿಗೆ ಜನವರೀಲಿ ಸಮಾಧಾನ ಆಯ್ತು, ನಮ್ಗೆ ರಸೀದೀಲಿ ಹೊಸ ಸಾಲು ಬಂತು.

ಹೊಸ ಸಾಲು ಅಂದ್ನಲ್ಲ, ನಮ್ ರಸೀದೀಲಿ ಟ್ಯಾಕ್ಸ್ ಸಾಲು ಎರಡಿವೆ. ಒಂದು ಹಳೇದು. ಒಕ್ಲಹೋಮ ರಾಜ್ಯದೋರು 2009ರಿಂದ್ಲೇ ಹಾಕ್ತಾ ಇದಾರೆ, 500 ಡಾಲರ್‌ವರೆಗೂ 5 ಡಾಲರ್, ಅದ್ರ ಮೇಲಕ್ಕೆ ಹೋದ್ರೆ ಮೇಲಿನದಕ್ಕೆ 1 ಪರ್ಸೆಂಟ್. ವರ್ಷದ ಕೊನೇಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದ್ರೆ ಅದನ್ನ ವಾಪಸ್ ಕೇಳ್ಬೋದು. ರಿಟರ್ನ್ ಹಾಕೋರು ವಾಪಸ್ ತಗೋತಾರೆ, ಹಾಕ್ದೆ ಇರೋರ ದುಡ್ಡು ಸರ್ಕಾರದಲ್ಲೇ ಉಳ್ಕೊಳುತ್ತೆ. ಬಾಮೈದ 100, 100 ಡಾಲರ್ ಅಂತ ವಾರಾವಾರ ಕಳ್ಸ್ತಿದ್ದ ಮೊದ್ಲು, ಪ್ರತಿ ಸಲಕ್ಕೂ 5 ಡಾಲರ್, ಅಂದ್ರೆ ನೂರಕ್ಕೆ ಐದು! ಅದನ್ನ ಕಂಡ್ಹಿಡಿದು ಹೇಳಿದ್ದೂ ಈ ಕೌಂಟರ್ ಹುಡುಗೀನೇ, ರಸೀದಿಗಳನ್ನ ಸಾಲಾಗಿ ನೋಡಿ 'ಸಾರ್, ಚಿಲ್ರೆ ಚಿಲ್ರೆ ಕಳ್ಸಬೇಡಿ ಅನ್ನಿ, ತಿಂಗ್ಳಿಗೊಂದ್ಸಲ ಕಳ್ಸಲಿ' ಅಂದ್ಲು. ಅವತ್ತಿಂದ ತಿಂಗ್ಳಿಗೊಂದು. ಮೇಲಾಗಿ ನಮ್ಮ ರಿಸರ್ವ್ ಬ್ಯಾಂಕ್ ರೂಲ್ಸಲ್ಲೂ ಒಬ್ರ ಹೆಸ್ರಿಗೆ ಈ ಥರ ವರ್ಷಕ್ಕೆ 30 ಸಲ ಮಾತ್ರ ಬರ್ಬೋದು, ಒಂದ್ಸಲಕ್ಕೆ 2,500 ಡಾಲರ್ ಮೀರ್ಬಾರ್ದು. ವಾರಾವಾರ ಕಳ್ಸಿದ್ರೆ ಆಗಸ್ಟ್‌ಗೆಲ್ಲ ಕೋಟಾ ಮುಗ್ದು ಗೌರಿ ಹಬ್ಬಕ್ಕೆ ಕೈ ಬಾಯಿ ನೋಡ್ಬೇಕಾಗ್ತಿತ್ತು.

ಆದ್ರೆ ಆಕೆ ಹೇಳಿಕೊಟ್ಟಿದ್ರಲ್ಲಿ ನಂಗೆ ಕಣ್ಣು ತೆರ್ಸಿದ್ದು ಇನ್ನೊಂದು. ನಾನು ಟ್ಯಾಕ್ಸ್ ಟ್ಯಾಕ್ಸ್ ಅಂತ ಬೈತಾ ಕೂತಿದ್ದೆ, ಆಕೆ ಪೆನ್ನಲ್ಲಿ ಕೆಳಗಿನ ಸಾಲು ತೋರ್ಸಿ 'ಇದನ್ನ ನೋಡ್ಲೇ ಇಲ್ವಲ್ಲ ಸಾರ್ ನೀವು' ಅಂದ್ಲು. ಎಕ್ಸ್‌ಚೇಂಜ್ ರೇಟು. ಲೆಕ್ಕ ಸುಲಭ ಆಗ್ಲಿ ಅಂತ ಪೇಟೇಲಿ ಡಾಲರ್‌ಗೆ 90 ರೂಪಾಯಿ ಅಂತ ಇಟ್ಕೊಳಿ, ಕಂಪ್ನಿಯೋನು ಕೊಡೋದು 88.20. 500 ಡಾಲರ್‌ಗೆ 45,000 ಬರ್ಬೇಕಿತ್ತು, ಬರೋದು 44,100. ಒಂಬೈನೂರು ರೂಪಾಯಿ, ಅಂದ್ರೆ 10 ಡಾಲರ್, ಸದ್ದಿಲ್ದೆ ಹೋಯ್ತು. ಟ್ರಂಪ್ ತಗೊಂಡಿದ್ದು 5 ಡಾಲರ್, ಒಕ್ಲಹೋಮ ತಗೊಂಡಿದ್ದು 5, ರೇಟಲ್ಲಿ ಕಂಪ್ನಿ ತಗೊಂಡಿದ್ದು 10, ಮೇಲೆ ಫೀಸು ಬೇರೆ ಒಂದಾರು ಡಾಲರ್. 26 ಡಾಲರ್ ಆಯ್ತು, ನೂರಕ್ಕೆ ಐದರ ಮೇಲೆ. ಟ್ಯಾಕ್ಸ್ ಅಂತ ಹೆಸ್ರು ಹಾಕಿ ತಗೊಂಡ್ರೆ ಹೊಟ್ಟೆ ಉರಿಯುತ್ತೆ, ರೇಟಲ್ಲಿ ತಗೊಂಡ್ರೆ ಗೊತ್ತೇ ಆಗಲ್ಲ. ಕಬ್ಬಿನ ತೂಕದಲ್ಲಿ ಹೊಡ್ಸ್ಕೊಳೋದು ನಮ್ಗೇನು ಹೊಸದಲ್ಲ ಬಿಡಿ.

'ಜೀರೋ ಫೀಸ್' ಅಂತ ಬೋರ್ಡ್ ಹಾಕೋರ ಹತ್ರ ರೇಟ್ ಇನ್ನೂ ಕಮ್ಮಿ ಇರುತ್ತಂತೆ. ಅದ್ಕೇ ಆಕೆ ಹೇಳೋದು ಒಂದೇ, ಫೀಸ್ ಕೇಳ್ಬೇಡಿ, ಟ್ಯಾಕ್ಸ್ ಕೇಳ್ಬೇಡಿ, ಎಲ್ಲ ಕಳ್ದು ನಮ್ಮಮ್ಮನ ಕೈಗೆ ರೂಪಾಯೀಲಿ ಎಷ್ಟು ಸೇರುತ್ತೆ ಅಂತ ಕೇಳಿ ಅಂತ. ದುಡ್ಡು ಕಟ್ಟೋ ಮುಂಚೆ ಅಷ್ಟನ್ನ ಬರ್ದು ತೋರಿಸ್ಬೇಕು ಅನ್ನೋದು ಆ 2013ರ ಕಾನೂನಲ್ಲೇ ಇದೆ. ಬಾಮೈದ ಇದನ್ನ ಕೇಳಿ ರೋಡ್ ದಾಟಿ ಎದುರಿನ ಕಿರಾಣಿ ಅಂಗಡೀಲಿ ವಿಚಾರಿಸ್ದ, ಅಲ್ಲಿ ಬೇರೆ ಕಂಪ್ನಿ, ರೇಟು ಸ್ವಲ್ಪ ಜಾಸ್ತಿ. ಐನೂರು ಡಾಲರ್‌ಗೆ ನಾನೂರು ರೂಪಾಯಿ ಉಳೀತು. ಹತ್ತಿರತ್ತಿರ ಟ್ರಂಪ್ ಟ್ಯಾಕ್ಸಿನಷ್ಟೇ. ರೋಡ್ ದಾಟಿದ್ದಕ್ಕೆ!

ಬ್ಯಾಂಕ್ ಅಕೌಂಟ್ ಓಪನ್ ಮಾಡಕ್ಕೇನಾಗಿದೆ ಅವ್ನಿಗೆ ಅಂತ ನನ್ ಹೆಂಡ್ತಿ ತಿಂಗ್ಳಿಗೊಂದ್ಸಲ ಕೇಳ್ತಾಳೆ. ಮಾಡ್ಬೋದು, ಪೇಪರ್ ಇಲ್ದೋರಿಗೂ ಪಾಸ್‌ಪೋರ್ಟ್ ಮೇಲೆ, ಟ್ಯಾಕ್ಸ್ ಕಟ್ಟಕ್ಕೆ ಅಂತ ಕೊಡೋ ಐಟಿಐಎನ್ ನಂಬರ್ ಮೇಲೆ ಅಕೌಂಟ್ ಕೊಡೋ ಬ್ಯಾಂಕ್‌ಗಳು ಅಲ್ಲಿವೆ. ಆದ್ರೆ ಆ ನಂಬರ್ ತಗೊಳೋದಂದ್ರೆ ಮನೆ ಅಡ್ರೆಸ್ ಕೈಯಾರೆ ಸರ್ಕಾರಕ್ಕೆ ಬರ್ದು ಕೊಟ್ಟಂಗೆ. 2025 ಏಪ್ರಿಲ್‌ನಲ್ಲಿ ಅಲ್ಲಿನ ಟ್ಯಾಕ್ಸ್ ಇಲಾಖೆ ವಲಸೆ ಇಲಾಖೆ ಜೊತೆ ಮಾಹಿತಿ ಹಂಚ್ಕೊಳೋ ಒಪ್ಪಂದ ಮಾಡ್ಕೊಂಡ್ಮೇಲೆ ಇವ್ನು ಆ ಮಾತೇ ಎತ್ತಲ್ಲ, ವಿಷ್ಯ ಕೋರ್ಟಿಗೂ ಹೋಯ್ತು, ಆದ್ರೂ ಇವ್ನ ಭಯ ಹೋಗಿಲ್ಲ. ಅದೇ ವರ್ಷ ಫೆಬ್ರವರೀಲಿ 104 ಜನ್ರನ್ನ ಮಿಲಿಟರಿ ವಿಮಾನದಲ್ಲಿ ತಂದು ಅಮೃತಸರದಲ್ಲಿ ಇಳ್ಸಿದ್ರಲ್ಲ, ಅವತ್ತು ನಮ್ಮತ್ತೆ ಟಿವಿ ಮುಂದೆ ಕೂತು ಒಬ್ಬೊಬ್ರ ಮುಖ ನೋಡಿದಾರೆ. ಐದು ಡಾಲರ್ ಹೋದ್ರೆ ಹೋಗ್ಲಿ ಅಕೌಂಟ್ ಗಿಕೌಂಟ್ ಬ್ಯಾಡ ಅಂತ ಅವ್ರೇ ಹೇಳ್ಬಿಟ್ರು.

ಫ್ರೆಂಡ್ ಕಾರ್ಡಲ್ಲಿ ಕಳ್ಸಿದ್ರೆ ಟ್ಯಾಕ್ಸ್ ಉಳಿಯುತ್ತಲ್ಲ ಅಂತ ನಾನೂ ತಲೆ ಓಡ್ಸಿದ್ದೆ, ಒಂದ್ಸಲ ಹಂಗೇ ಕಳ್ಸಿದ. ಕೌಂಟರ್‌ನಲ್ಲಿ 'ಕಳ್ಸಿರೋರು ನಿಮ್ಗೆ ಏನಾಗ್ಬೇಕು' ಅಂತ ಕೇಳಿದ್ರು, ಕೇಳ್ಲೇಬೇಕಂತೆ. ನಮ್ಮತ್ತೆಗೆ ಸುಳ್ಳು ಹೇಳಕ್ಕೆ ಬರಲ್ಲ, ಗುಜರಾತಿ ಹುಡುಗನ ಹೆಸ್ರು ಓದಕ್ಕೂ ಬರಲ್ಲ, 'ಯಾರೋ ಪಟೇಲಂತೆ ಕಣವ್ವ' ಅಂದ್ರು. ಅಂಗಡಿಯೋರೆಲ್ಲ ನಕ್ರು. ದುಡ್ಡು ತಡ್ದಿಟ್ರು, ಒಂದಿನ ಆದ್ಮೇಲೆ ಕೊಟ್ರು, ಮತ್ತೆ ಹಿಂಗೆ ಮಾಡ್ಬೇಡಿ ಅಂದ್ರು. ಐದು ಡಾಲರ್ ಉಳ್ಸಕ್ಕೆ ಹೋಗಿ ಎರಡು ಸಲ ಮೈಸೂರು ಬಸ್ಸು.

ಇನ್ನೊಂದು ದಾರಿ ಇದೆ, ಅದನ್ನ ಹೇಳ್ಕೊಟ್ಟೋರೂ ಇದಾರೆ, ಸಂತೇಲಿ ಪರಿಚಯ ಆದೋನೊಬ್ಬ ಕಿವೀಲಿ ಹೇಳಿದ್ದ, ಅಲ್ಲಿ ನಮ್ಮೋನ ಕೈಗೆ ಡಾಲರ್ ಕೊಡ್ಸಿ, ಇಲ್ಲಿ ಸಂಜೆಗೆ ಮನೆ ಬಾಗ್ಲಿಗೆ ರೂಪಾಯಿ ತಂದ್ಕೊಡ್ತೀವಿ, ರೇಟೂ ಜಾಸ್ತಿ, ಟ್ಯಾಕ್ಸೂ ಇಲ್ಲ, ಆಧಾರೂ ಬೇಡ, ಲಾಸ್ಟ್ ನೇಮೂ ಬೇಡ. ಹವಾಲಾ. ಕೇಳಕ್ಕೆ ಚೆನ್ನಾಗಿರುತ್ತೆ. ಫಾರಿನ್ ದುಡ್ಡಿನ ವ್ಯವಹಾರಕ್ಕೆ ಇರೋ ಫೆಮಾ ಕಾನೂನಲ್ಲಿ ಸಿಕ್ಕಾಕ್ಕೊಂಡ್ರೆ ದುಡ್ಡಿನ ಮೂರರಷ್ಟು ದಂಡ ಹಾಕ್ಬೋದು, ಅದಕ್ಕಿಂತ ಹೆಚ್ಚಾಗಿ ಅವ್ನು ಕೊಡ್ಲಿಲ್ಲ ಅಂದ್ರೆ ಯಾವ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡೋದು. ಬೇಡ ಅಂದೆ. ಆದ್ರೆ ಅಲ್ಲಿ ಕ್ಯಾಶ್ ಮೇಲೆ ಟ್ಯಾಕ್ಸ್ ಏರ್ಸಿ ಏರ್ಸಿ ಹೋದ್ರೆ ಲಾಭ ಆಗೋದು ಇಂಥೋರಿಗೇ, ಆವಾಗ ಬ್ಯಾಂಕೂ ಇಲ್ಲ, ರಸೀದೀನೂ ಇಲ್ಲ, ಯಾರು ಎಷ್ಟು ಕಳ್ಸಿದ್ರು ಅಂತ ಆ ಸರ್ಕಾರಕ್ಕೂ ಗೊತ್ತಾಗಲ್ಲ ಈ ಸರ್ಕಾರಕ್ಕೂ ಗೊತ್ತಾಗಲ್ಲ. ಬೆಂಚಲ್ಲಿ ಪಕ್ಕ ಕೂತಿದ್ದ ಉದಯಗಿರಿ ಅಮ್ಮನ್ನ ಕೇಳ್ದೆ, ಮಗ ದುಬೈಲಿ, ಅಲ್ಲಿಂದ ಕಳ್ಸೋದಕ್ಕೆ ಇಂಥ ಟ್ಯಾಕ್ಸೇ ಇಲ್ಲ, 'ದುಡ್ದಿರೋ ದುಡ್ಡು ತಾಯಿಗೆ ಕಳ್ಸಕ್ಕೂ ಟ್ಯಾಕ್ಸಾ' ಅಂತ ಆಯಮ್ಮ ಬಾಯ್ಮೇಲೆ ಕೈ ಇಟ್ಕೊಂಡ್ರು.

ಒಂದು ವಿಷ್ಯ ಗಮನ ಇಟ್ಕೊಳಿ, ಇಲ್ಲಿ ಕೈಗೆ ಕ್ಯಾಶ್ ಕೊಡೋದು 50,000 ರೂಪಾಯಿವರ್ಗೂ ಮಾತ್ರ. ಸಂಕ್ರಾಂತಿ ಟೈಮಲ್ಲಿ ಬಾಮೈದ 600 ಡಾಲರ್ ಕಳ್ಸ್ದ, 52 ಸಾವ್ರದ ಮೇಲಾಯ್ತು, ಅಕೌಂಟ್‌ಗೇ ಹಾಕ್ಬೇಕು ಅಂದ್ರು. ನಮ್ಮತ್ತೆಗೆ ಇರೋದು ಗೃಹಲಕ್ಷ್ಮಿ ದುಡ್ಡು ಬೀಳೋ ಅಕೌಂಟ್ ಒಂದೇ. ಅದಕ್ಕೆ ಅಮೆರಿಕಾ ದುಡ್ಡು ಬಿದ್ರೆ ಎರಡು ಸಾವ್ರ ನಿಲ್ಲಿಸ್ಬಿಡ್ತಾರೆ ಅಂತ ಕೈಕಾಲು ಬಿಟ್ಬಿಟ್ರು, ಪಾಸ್‌ಬುಕ್ಕನ್ನ ಚೀಲದೊಳಗಿಂದ ಆಚೆಗೇ ತೆಗೀಲಿಲ್ಲ. ಮಗ ತಾಯಿಗೆ ಕೊಟ್ಟಿದ್ದಕ್ಕೆ ಇಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಅದು ನಿಮ್ಮ ಸಂಪಾದ್ನೆ ಅಲ್ಲ ಅಂತ ಹುಡುಗಿ ಮೂರು ಸಲ ಬಿಡ್ಸಿ ಹೇಳಿದ್ಲು, ನಾನೂ ಹೇಳ್ದೆ, ಕೊನೇಗೆ ಒಪ್ಕೊಂಡ್ರು. ಗೃಹಲಕ್ಷ್ಮಿ ಬಂತು ಮುಂದಿನ ಕಂತೂ. ಆದ್ರೂ ಈಗ 550 ಡಾಲರ್ ದಾಟಿಸ್ಬೇಡ ಅಂತ ಮಗನಿಗೆ ಆರ್ಡರ್ ಆಗಿದೆ.

ಹಂಗಾದ್ರೆ ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ, ಜೆರಾಕ್ಸು. ಹೋದ ಸಲ ಕೊಟ್ಟ ಆಧಾರ್ ಕಾಪೀನೇ ಇರುತ್ತೆ, ಆದ್ರೂ ಪ್ರತಿ ಸಲ ಹೊಸ ಕಾಪಿ ಬೇಕು, ಅದೂ ಅವ್ರ ಮಿಷಿನ್‌ನಲ್ಲೇ ತೆಗೀಬೇಕು, ಎರಡು ಬದಿಗೆ ಹತ್ತು ರೂಪಾಯಿ. ಮನೇಲಿ ತೆಗ್ಸ್ಕೊಂಡ್ ಹೋದ್ರೆ 'ಇದು ಮಾಸಿದೆ' ಅಂತಾರೆ. ಇದು ಓನರ್ ಕೆಲ್ಸ, ಹುಡುಗೀದಲ್ಲ. ಆಮೇಲೆ ಒಂದೂವರೆಯಿಂದ ಎರಡೂವರೆ ಊಟಕ್ಕೆ ಶಟರ್ ಎಳೀತಾರೆ, ಬೋರ್ಡ್ ಹಾಕಲ್ಲ, ಹಳ್ಳಿಯಿಂದ ಬಂದೋರು ಬಿಸಿಲಲ್ಲಿ ನಿಂತಿರ್ತಾರೆ. ಸುತ್ತ ಗಾಡಿ ನಿಲ್ಸಕ್ಕೆ ಜಾಗ ಇಲ್ಲ, ಆದ್ರೆ ಅಶೋಕ ರೋಡ್‌ನಲ್ಲಿ ಗಾಡಿ ತಗೊಂಡ್ ಹೋಗೋದೇ ತಪ್ಪು, ಅದನ್ನ ಅಂಗಡಿ ಮೇಲೆ ಹಾಕಲ್ಲ.

ತಿಂಗ್ಳ ಮೊದ್ಲ ವಾರ ಹೋಗ್ಬೇಡಿ, ಗಲ್ಫ್ ಸಂಬಳ ಬರೋ ಟೈಮು, ಬೆಂಚ್ ಖಾಲಿ ಇರಲ್ಲ. ಹತ್ತನೇ ತಾರೀಖಿನ ಮೇಲೆ, ಬೆಳಿಗ್ಗೆ ಹನ್ನೊಂದರೊಳಗೆ ಹೋದ್ರೆ ಹತ್ತು ನಿಮ್ಷದ ಕೆಲ್ಸ. ಮಂಗಳವಾರ ಆ ಹುಡುಗಿ ರಜಾ, ಆವತ್ತು ಓನರ್ ಮಗ ಕೂತಿರ್ತಾನೆ, ಅವ್ನಿಗೆ 'ಜಯಮ್ಮ ಜಯಮ್ಮ' ಇನ್ನೂ ಅರ್ಥ ಆಗಿಲ್ಲ, ಹೋದ ತಿಂಗ್ಳು 'ಇಬ್ರೂ ಬರ್ಬೇಕು' ಅಂದ.